ವಿಂಡೋಸ್ 11ಕ್ಕೆ ಹೋಗೋದು ಹೇಗೆ: ಅಪ್‌ಗ್ರೇಡ್ ಸಾಕಾ, ಫಾರ್ಮ್ಯಾಟ್ ಮಾಡಿಸಬೇಕಾ?

ಶಿವಮೊಗ್ಗದಲ್ಲಿ ನನ್ನ ಚಿಕ್ಕಪ್ಪ ಒಂದು ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದಾರೆ. ಮದುವೆ ಕಾರ್ಡು, ಗೃಹಪ್ರವೇಶದ ಆಮಂತ್ರಣ, ಅರ್ಜಿ ಟೈಪಿಂಗು, ಜೆರಾಕ್ಸು. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ದಿನ ಪರದೆ ತುಂಬ ಸೂಚನೆ ಬಂತು: ವಿಂಡೋಸ್ 10ಕ್ಕೆ ಬೆಂಬಲ ಮುಗಿಯುತ್ತಿದೆ, ವಿಂಡೋಸ್ 11ಕ್ಕೆ ಬನ್ನಿ. ಸಂಜೆ ಚಿಕ್ಕಪ್ಪ ಫೋನ್ ಮಾಡಿದರು. "ಅದು ತೋರಿಸೋ ಬಟನ್ ಒತ್ತಿಬಿಡ್ಲಾ, ಇಲ್ಲಾ ಪೂರ್ತಿ ಫಾರ್ಮ್ಯಾಟ್ ಮಾಡಿಸ್ಲಾ? ಇಲ್ಲಿ ಎಲ್ರೂ ಫಾರ್ಮ್ಯಾಟೇ ಒಳ್ಳೇದು ಅಂತಾರೆ ಕಣೋ."

ಈ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿ, ಅಂಗಡಿಗಳಲ್ಲಿ ಎದ್ದಿದೆ. ಒಂದೇ ಮಾತಿನಲ್ಲಿ ಹೌದು, ಇಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಎರಡರಲ್ಲೂ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ನಿಮ್ಮ ಕಂಪ್ಯೂಟರಿಗೆ ಯಾವುದು ಸರಿ ಅಂತ ನೀವೇ ತೀರ್ಮಾನಿಸಬಹುದು. ಅದಕ್ಕೇ ಸ್ವಲ್ಪ ಬುಡದಿಂದ ಹೇಳುತ್ತೇನೆ.

ಬೆಂಬಲ ಮುಗಿಯುವುದು ಅಂದರೇನು

ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ಮರುದಿನ ಯಾರ ಕಂಪ್ಯೂಟರೂ ನಿಂತುಹೋಗಲಿಲ್ಲ. ಎಲ್ಲ ಮೊದಲಿನ ಹಾಗೇ ನಡೆಯುತ್ತದೆ. ನಿಂತಿದ್ದು ತಿಂಗಳು ತಿಂಗಳು ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್. ಯಾವುದೇ ದೊಡ್ಡ ಸಾಫ್ಟ್‌ವೇರ್‌ನಲ್ಲಿ ಕಳ್ಳರು ನುಗ್ಗಬಹುದಾದ ತೂತುಗಳು ಆಗಾಗ ಪತ್ತೆಯಾಗುತ್ತಲೇ ಇರುತ್ತವೆ. ಕಂಪನಿ ಅವಕ್ಕೆ ತೇಪೆ ಹಾಕಿ ಕಳಿಸುತ್ತದೆ. ಆ ತೇಪೆ ಬರುವುದು ನಿಂತರೆ ತೂತು ಹಾಗೇ ಉಳಿಯುತ್ತದೆ. ಅದೇ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡುವವರು, ಗಿರಾಕಿಗಳ ಆಧಾರ್ ಪ್ರತಿ ತೆಗೆದುಕೊಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ಘೋಷಿಸಿತು. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಿಂದಲೇ ಅದಕ್ಕೆ ಸೇರಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ದುಡ್ಡು ಕೊಡಬೇಕಿಲ್ಲ. ಇದರಿಂದ ಯೋಚಿಸಲು ಸ್ವಲ್ಪ ಕಾಲ ಸಿಗುತ್ತದೆ, ಅಷ್ಟೇ.

ವಿಂಡೋಸ್ 10ಕ್ಕೆ ಸರಿಯಾದ ಲೈಸೆನ್ಸ್ ಇದ್ದರೆ 11ಕ್ಕೆ ಹೋಗಲು ಖರ್ಚಿಲ್ಲ. ಆದರೆ ಎಲ್ಲ ಕಂಪ್ಯೂಟರಿಗೂ ಆಗುವುದಿಲ್ಲ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್, ನಂಬಬಹುದಾದ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಸೌಲಭ್ಯ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟಿನ ಸಣ್ಣ ಆ್ಯಪ್ ಇದನ್ನೆಲ್ಲ ಎರಡು ನಿಮಿಷದಲ್ಲಿ ನೋಡಿ ಹೇಳುತ್ತದೆ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಯಲ್ಲಿ, ಆಫ್ ಆಗಿರುತ್ತದೆ. ಆನ್ ಮಾಡಿದರೆ ಆಯಿತು. "ಆಗಲ್ಲ" ಅಂತ ಬಂದ ಕೂಡಲೇ ಹೊಸ ಕಂಪ್ಯೂಟರಿಗೆ ದುಡ್ಡು ಹೊಂದಿಸಲು ಹೋಗಬೇಡಿ, ಮೊದಲು ಇದನ್ನು ನೋಡಿ.

ಡಿಸ್ಕಿನೊಳಗೆ ಏನೇನಿದೆ

ಅಪ್‌ಗ್ರೇಡ್, ಫಾರ್ಮ್ಯಾಟ್ ಎಂಬ ಎರಡು ಪದ ಅರ್ಥವಾಗಬೇಕಾದರೆ ಕಂಪ್ಯೂಟರಿನ ಡಿಸ್ಕಿನಲ್ಲಿ ಏನಿದೆ ಅಂತ ಗೊತ್ತಿರಬೇಕು.

ಒಂದು, ವಿಂಡೋಸಿನದೇ ಫೈಲುಗಳು. ಇದೇ ಆಪರೇಟಿಂಗ್ ಸಿಸ್ಟಮ್. ಎರಡು, ಡ್ರೈವರ್‌ಗಳು. ಪ್ರಿಂಟರ್, ವೈಫೈ, ಸೌಂಡ್ ಇವುಗಳ ಭಾಷೆಯನ್ನು ವಿಂಡೋಸಿಗೆ ತಿಳಿಸುವ ದುಭಾಷಿಗಳು. ಮೂರು, ನೀವು ಹಾಕಿಸಿದ ಪ್ರೋಗ್ರಾಮ್‌ಗಳು: ಕನ್ನಡ ಟೈಪಿಂಗಿನ ನುಡಿ, ಲೆಕ್ಕಪತ್ರದ ಟ್ಯಾಲಿ, ಫೋಟೋಶಾಪ್, ಕ್ರೋಮ್. ನಾಲ್ಕು, ಸೆಟ್ಟಿಂಗ್‌ಗಳು. ಇವುಗಳಲ್ಲಿ ಬಹುಪಾಲು ರಿಜಿಸ್ಟ್ರಿ ಎಂಬ ಒಂದು ದೊಡ್ಡ ದಫ್ತರದಲ್ಲಿ ದಾಖಲಾಗಿರುತ್ತವೆ. ಯಾವ ಪ್ರೋಗ್ರಾಮ್ ಎಲ್ಲಿದೆ, ಕಂಪ್ಯೂಟರ್ ಆನ್ ಆದಾಗ ಯಾವ್ಯಾವುದು ತಾನೇ ಶುರುವಾಗಬೇಕು ಎಂಬುದೆಲ್ಲ ಅದರಲ್ಲಿದೆ. ಐದು, ನಿಮ್ಮ ಸ್ವಂತದ್ದು: ಫೋಟೋ, ಕಾಗದಪತ್ರ, ಲೆಕ್ಕ.

ಮೊದಲ ನಾಲ್ಕನ್ನು ದುಡ್ಡು ಅಥವಾ ಸಮಯ ಕೊಟ್ಟು ಮತ್ತೆ ತರಬಹುದು. ಐದನೆಯದು ಹೋದರೆ ಹೋಯಿತು.

ಒಂದು ದೊಡ್ಡ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. "ಸಿ ಡ್ರೈವ್ ಹೋಗುತ್ತೆ, ಡಿ ಡ್ರೈವ್ ಇರುತ್ತೆ" ಅಂತ ರಿಪೇರಿಯವರು ಹೇಳುತ್ತಾರೆ. ಕೇಳಿದವರು "ನಾನು ಸಿ ಡ್ರೈವ್‌ನಲ್ಲಿ ಏನೂ ಇಟ್ಟಿಲ್ಲ" ಅಂದುಕೊಳ್ಳುತ್ತಾರೆ. ಆದರೆ ಡೆಸ್ಕ್‌ಟಾಪ್ ಇರುವುದೇ ಸಿ ಡ್ರೈವ್‌ನಲ್ಲಿ! ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಕೂಡ ಅಲ್ಲೇ. ಕೆಲವು ವರ್ಷಗಳ ಹಿಂದೆ ಚಿಕ್ಕಪ್ಪ ಒಂದು ರಿಪೇರಿ ಅಂಗಡಿಗೆ ಕಂಪ್ಯೂಟರ್ ಕೊಟ್ಟಿದ್ದರು. ಅವರಿಗೆ ಎಲ್ಲವನ್ನೂ ಕಣ್ಣೆದುರು ಡೆಸ್ಕ್‌ಟಾಪ್ ಮೇಲೆ ಇಡುವ ಅಭ್ಯಾಸ. ಆರು ತಿಂಗಳ ಕಾರ್ಡ್ ಡಿಸೈನ್‌ಗಳು ಅಲ್ಲಿದ್ದವು. ವಾಪಸ್ ತಂದು ಆನ್ ಮಾಡಿದಾಗ ನೀಲಿ ಬಣ್ಣದ ಖಾಲಿ ಪರದೆ, ಮೂಲೆಯಲ್ಲಿ ಒಂದು ರಿಸೈಕಲ್ ಬಿನ್. ಅದು ಕೂಡ ಖಾಲಿ.

ಅಪ್‌ಗ್ರೇಡ್ ನಡೆಯುವ ರೀತಿ

"ಅಪ್‌ಗ್ರೇಡ್ ಮಾಡಿದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ, ಕಸ ಎಲ್ಲ ಹಾಗೇ ಉಳಿಯುತ್ತದೆ" ಎಂಬ ಮಾತು ತುಂಬ ಹಳೆಯದು. ವಿಂಡೋಸ್ 98, ಎಕ್ಸ್‌ಪಿ ಕಾಲದಲ್ಲಿ ಅದರಲ್ಲಿ ಹುರುಳಿತ್ತು. ಆಗ ಹೊಸ ಫೈಲುಗಳು ಹಳೆಯವುಗಳ ಜಾಗದಲ್ಲಿ ಒಂದೊಂದಾಗಿ ಬಂದು ಕೂರುತ್ತಿದ್ದವು. ನಿನ್ನೆಯ ಹುಳಿ ಬಂದ ಹಿಟ್ಟಿಗೆ ಇವತ್ತಿನ ಹಿಟ್ಟು ಬೆರೆಸಿದ ಹಾಗೆ. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಿಂದ ಆ ರೀತಿ ಬದಲಾಯಿತು. ಅಲ್ಲಿಂದೀಚೆಗೆ ವಿಂಡೋಸ್ ಬರುವುದು ಇಡೀ ಸಿಸ್ಟಮ್ಮಿನ ಒಂದು ಸಿದ್ಧ ಪ್ರತಿಯಾಗಿ. ಅದನ್ನು ಇಡಿಯಾಗಿ ಡಿಸ್ಕಿನಲ್ಲಿ ಬಿಚ್ಚಲಾಗುತ್ತದೆ.

ಈಗ ನೀವು ಅಪ್‌ಗ್ರೇಡ್ ಬಟನ್ ಒತ್ತಿದರೆ ಹೀಗಾಗುತ್ತದೆ. ಮೊದಲು ವಿಂಡೋಸ್ 10 ನಡೆಯುತ್ತಿರುವಾಗಲೇ ಹೊಸದು ಡೌನ್‌ಲೋಡ್ ಆಗುತ್ತದೆ, ಯಾವ ಪ್ರೋಗ್ರಾಮ್ ಹೊಂದುತ್ತದೆ, ಯಾವುದು ಇಲ್ಲ ಅಂತ ಲೆಕ್ಕ ಹಾಕಲಾಗುತ್ತದೆ. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಒಂದು ಪುಟ್ಟ ತಾತ್ಕಾಲಿಕ ವಿಂಡೋಸಿನಿಂದ ಶುರುವಾಗುತ್ತದೆ. ಹಳೆ ವಿಂಡೋಸ್ ಆಗ ನಿದ್ದೆಯಲ್ಲಿರುತ್ತದೆ. ಅದನ್ನು ಎತ್ತಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿಗೆ ಸೇರಿಸಿ, ಹೊಸ ವಿಂಡೋಸನ್ನು ಅದರ ಜಾಗದಲ್ಲಿ ಬಿಚ್ಚುತ್ತಾರೆ. ಮುಂದಿನ ರೀಸ್ಟಾರ್ಟ್‌ಗಳಲ್ಲಿ ಡ್ರೈವರ್‌ಗಳು, ಪ್ರೋಗ್ರಾಮ್‌ಗಳು, ಸೆಟ್ಟಿಂಗ್‌ಗಳು, ನಿಮ್ಮ ಫೈಲುಗಳು ಒಂದೊಂದಾಗಿ ಹೊಸ ಮನೆಗೆ ಬರುತ್ತವೆ.

ಊರ ಮನೆಯನ್ನೇ ನೆನೆಸಿಕೊಳ್ಳಿ. ಹಳೆ ಮನೆಯ ಜಾಗದಲ್ಲೇ ಹೊಸದು ಕಟ್ಟಿದಿರಿ. ಗೋಡೆ, ಚಾವಣಿ, ನೆಲ ಎಲ್ಲ ಹೊಸದು. ಆದರೆ ಸಾಮಾನು ಮಾತ್ರ ಹಳೆ ಮನೆಯದೇ, ಅದದೇ ಜಾಗದಲ್ಲಿ. ಅಟ್ಟದ ಮೇಲಿದ್ದ ಮುರುಕು ಕುರ್ಚಿಯೂ ಹೊಸ ಅಟ್ಟಕ್ಕೆ ಬಂದಿದೆ. ಸಾಮಾನಿನ ಜೊತೆ ಗೆದ್ದಲು ಇದ್ದರೆ ಅದೂ ಬಂದಿದೆ.

ಹಾಗಾಗಿ ಅಪ್‌ಗ್ರೇಡ್ ಆದ ಮೇಲೂ ಕೆಲವು ತೊಂದರೆ ಉಳಿಯುತ್ತವೆ, ಕೆಲವು ತಾವಾಗೇ ಹೋಗುತ್ತವೆ. ವಿಂಡೋಸಿನದೇ ಯಾವುದೋ ಫೈಲ್ ಹಾಳಾಗಿ ಬರುತ್ತಿದ್ದ ಎರರ್ ಸಾಮಾನ್ಯವಾಗಿ ಹೋಗುತ್ತದೆ, ಯಾಕೆಂದರೆ ಗೋಡೆ ಹೊಸದು. ಆನ್ ಆದ ತಕ್ಷಣ ಹತ್ತು ಪ್ರೋಗ್ರಾಮ್ ಎದ್ದು ಕೂರುವುದು, ಬ್ರೌಸರಿನಲ್ಲಿ ತಾನೇ ಬರುವ ಜಾಹೀರಾತು, ಹಳೆ ಪ್ರಿಂಟರ್ ಡ್ರೈವರಿನ ತಕರಾರು ಇವೆಲ್ಲ ಸಾಮಾನಿನ ಜೊತೆ ಬರುವಂಥವು.

ಅಪ್‌ಗ್ರೇಡಿನ ದೊಡ್ಡ ಅನುಕೂಲ ಬೇರೆಯೇ ಇದೆ. ಹಿಂದಕ್ಕೆ ಬರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಪುಟದಲ್ಲಿ 'ಗೋ ಬ್ಯಾಕ್' ಎಂಬ ಬಟನ್ 10 ದಿನ ಇರುತ್ತದೆ. ಒತ್ತಿದರೆ ವಿಂಡೋಸ್ 10 ಮೊದಲಿನ ಹಾಗೇ ಎದ್ದು ಬರುತ್ತದೆ. 10 ದಿನ ಕಳೆದ ಮೇಲೆ ಆ ಹಳೆಯ ಫೋಲ್ಡರ್ ತಾನಾಗೇ ಅಳಿಸಿಹೋಗುತ್ತದೆ. ಜಾಗ ಬೇಕು ಅಂತ ಎರಡನೇ ದಿನವೇ ನೀವೇ ಅಳಿಸಿದರೆ ಹಿಂದಿರುಗುವ ದಾರಿಯೂ ಮುಚ್ಚಿತು. ಆ ಹತ್ತು ದಿನದಲ್ಲಿ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಟ್ಯಾಲಿ ಎಲ್ಲವನ್ನೂ ಒಮ್ಮೆಯಾದರೂ ಬಳಸಿ ನೋಡಿಬಿಡಿ.

ಇನ್ನೊಂದು ಮಾತು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಮಧ್ಯೆ ಕರೆಂಟ್ ಹೋದರೆ ಬಹಳ ಸಲ ವಿಂಡೋಸ್ ತಾನೇ ಹಿಂದಕ್ಕೆ ಸರಿದು ಸರಿಹೋಗುತ್ತದೆ. ಪ್ರತಿ ಸಲವೂ ಹಾಗಾಗುತ್ತದೆ ಅಂತ ಭರವಸೆ ಇಲ್ಲ.

ಫಾರ್ಮ್ಯಾಟ್ ಮಾಡಿದಾಗ

ಫಾರ್ಮ್ಯಾಟ್ ಎಂಬ ಪದದ ನಿಜವಾದ ಅರ್ಥ ಡಿಸ್ಕಿನ ಒಂದು ಭಾಗವನ್ನು ಅಳಿಸಿ ಮತ್ತೆ ಬರೆಯಲು ಸಿದ್ಧಪಡಿಸುವುದು. ನಮ್ಮ ಕಡೆ ಅಂಗಡಿ ಮಾತಿನಲ್ಲಿ ಅದಕ್ಕೆ "ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು" ಎಂಬ ಅರ್ಥ ಬಂದುಬಿಟ್ಟಿದೆ. ಕ್ಲೀನ್ ಇನ್‌ಸ್ಟಾಲ್ ಅಂತಲೂ ಹೇಳುತ್ತಾರೆ.

ಇಲ್ಲಿ ಸಾಮಾನು ಸಾಗಿಸುವ ಕೆಲಸವೇ ಇಲ್ಲ. ಕನಿಷ್ಠ 8 ಜಿಬಿಯ ಪೆನ್ ಡ್ರೈವ್ ಬೇಕು. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಅದರಲ್ಲಿ ವಿಂಡೋಸ್ 11 ತುಂಬಿಸಿ ಕೊಡುತ್ತದೆ. ಪೆನ್ ಡ್ರೈವಿನಲ್ಲಿ ಮೊದಲು ಏನಿದ್ದರೂ ಅಳಿಸುತ್ತದೆ, ನೆನಪಿರಲಿ. ಆ ಪೆನ್ ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ಸಿ ಡ್ರೈವ್ ಅಳಿಸಿ, ಹೊಸದಾಗಿ ಹಾಕುತ್ತಾರೆ. ಗೆದ್ದಲು ಹೋಗುತ್ತದೆ, ಮುರುಕು ಕುರ್ಚಿ ಹೋಗುತ್ತದೆ. ಅಜ್ಜಿಯ ಪೆಟ್ಟಿಗೆಯನ್ನು, ಅಂದರೆ ನಿಮ್ಮ ಸ್ವಂತ ಫೈಲುಗಳನ್ನು, ಮೊದಲೇ ಎತ್ತಿಟ್ಟಿರದಿದ್ದರೆ ಅದೂ ಹೋಗುತ್ತದೆ. ಇಲ್ಲಿ ಗೋ ಬ್ಯಾಕ್ ಬಟನ್ ಇಲ್ಲ.

ವಿಂಡೋಸ್ ಬಂದು ಕೂರಲು ಜಾಸ್ತಿ ಹೊತ್ತು ಬೇಡ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇದ್ದರೆ ಅರ್ಧ ಗಂಟೆ ಆಸುಪಾಸು. ಸಮಯ ತಿನ್ನುವುದು ಆಮೇಲಿನ ಕೆಲಸ. ಒಂದೊಂದೇ ಪ್ರೋಗ್ರಾಮ್ ಹುಡುಕಿ ಹಾಕಬೇಕು, ಪ್ರಿಂಟರ್ ಜೋಡಿಸಬೇಕು, ಪಾಸ್‌ವರ್ಡ್ ನೆನಪಿಸಿಕೊಳ್ಳಬೇಕು. ಅದಕ್ಕೆ ಒಂದು ಭಾನುವಾರ ಪೂರ್ತಿ ಬೇಕಾಗುತ್ತದೆ.

ಲೈಸೆನ್ಸ್ ಬಗ್ಗೆ ಭಯ ಬೇಡ. ವಿಂಡೋಸ್ 10 ಸರಿಯಾಗಿ ಆ್ಯಕ್ಟಿವೇಟ್ ಆಗಿದ್ದ ಯಂತ್ರವಾದರೆ ಅದರ ಗುರುತು ಮೈಕ್ರೋಸಾಫ್ಟ್ ಬಳಿ ಇರುತ್ತದೆ. ಕೀ ಕೇಳಿದಾಗ 'ನನ್ನ ಬಳಿ ಕೀ ಇಲ್ಲ' ಎಂಬುದನ್ನು ಆರಿಸಿ, ಮೊದಲು ಹೋಮ್ ಆವೃತ್ತಿ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗೇ ಆ್ಯಕ್ಟಿವೇಟ್ ಆಗುತ್ತದೆ. ಯಾರಾದರೂ ಕ್ರ್ಯಾಕ್ ಹಾಕಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಂಥ ಟೂಲ್‌ಗಳ ಹೊಟ್ಟೆಯಲ್ಲೇ ವೈರಸ್ ಕೂತಿರಬಹುದು. ಅದು ಬಂದರೆ ಅಷ್ಟೆಲ್ಲ ಅಳಿಸಿದ್ದು ದಂಡ.

ನಡುವೆ ಇನ್ನೊಂದು ದಾರಿ

ಇದನ್ನು ಎಷ್ಟೋ ಜನ ಗಮನಿಸಿರುವುದೇ ಇಲ್ಲ. ರಿಕವರಿ ಪುಟದಲ್ಲಿ 'ರೀಸೆಟ್ ದಿಸ್ ಪಿಸಿ' ಅಂತ ಇದೆ. ಅದರಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿದರೆ ವಿಂಡೋಸ್ ಹೊಸದಾಗಿ ಕೂರುತ್ತದೆ. ನೀವು ಹಾಕಿಸಿದ ಪ್ರೋಗ್ರಾಮ್‌ಗಳು ಹೋಗುತ್ತವೆ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಲ್ಲಿರುವ ಫೈಲುಗಳು ಉಳಿಯುತ್ತವೆ. ಯಾವ್ಯಾವ ಪ್ರೋಗ್ರಾಮ್ ತೆಗೆಯಲಾಯಿತು ಎಂಬ ಪಟ್ಟಿಯನ್ನೂ ಡೆಸ್ಕ್‌ಟಾಪ್ ಮೇಲೆ ಇಟ್ಟುಹೋಗುತ್ತದೆ. ಪೆನ್ ಡ್ರೈವ್ ಬೇಡ, ಬಯೋಸ್ ಗೋಜಿಲ್ಲ. ಮೊದಲು ಅಪ್‌ಗ್ರೇಡ್ ಮಾಡಿ, ತೊಂದರೆ ಉಳಿದರೆ ರೀಸೆಟ್ ಮಾಡುವುದು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಆದರೂ ಫೈಲುಗಳ ಒಂದು ಪ್ರತಿ ಹೊರಗಿರಲಿ.

ಸ್ಲೋ ಆಗಿದೆ ಅಂತ ಫಾರ್ಮ್ಯಾಟಾ?

ಫಾರ್ಮ್ಯಾಟ್ ಮಾಡಿಸುವವರಲ್ಲಿ ಹೆಚ್ಚಿನವರು ಹೇಳುವ ಕಾರಣ "ಸಿಸ್ಟಮ್ ಸ್ಲೋ ಆಗಿದೆ". ಇಲ್ಲಿ ಸ್ವಲ್ಪ ನಿಲ್ಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಡಿಸ್ಕ್ ಎಂಬ ಸಾಲು ಸುಮ್ನೆ ಇದ್ದಾಗಲೂ 100 ಪರ್ಸೆಂಟ್ ತೋರಿಸುತ್ತಿದ್ದರೆ, ನಿಮ್ಮಲ್ಲಿರುವುದು ತಿರುಗುವ ಹಳೆ ಹಾರ್ಡ್ ಡಿಸ್ಕ್ ಆದರೆ, ಫಾರ್ಮ್ಯಾಟ್ ಮಾಡಿಸಿ ಸಿಗುವ ಸುಖ ಕೆಲವು ವಾರದ್ದು. ಪ್ರೋಗ್ರಾಮ್‌ಗಳು, ಅಪ್‌ಡೇಟ್‌ಗಳು ಮತ್ತೆ ತುಂಬಿಕೊಂಡಾಗ ಅದೇ ಕಥೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಆ ಬದಲಾವಣೆ ಕಣ್ಣಿಗೆ ಕಾಣುವಷ್ಟಿರುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ ವಿಂಡೋಸ್ 11 ಕೂರುತ್ತದೆ, ಆದರೆ ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. 8 ಜಿಬಿ ಮಾಡಿಸಿಕೊಳ್ಳಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಬೇಡದ್ದನ್ನು ಡಿಸೇಬಲ್ ಮಾಡುವುದಕ್ಕೆ ಐದು ನಿಮಿಷ ಸಾಕು, ಖರ್ಚೂ ಇಲ್ಲ.

ಎಸ್‌ಎಸ್‌ಡಿ ಹಾಕಿಸುವಾಗ ಮಾತ್ರ ಫಾರ್ಮ್ಯಾಟ್ ವಿಷಯ ಸಹಜವಾಗಿ ಬರುತ್ತದೆ. ಹೊಸ ಡಿಸ್ಕ್ ಹೇಗೂ ಖಾಲಿ. ಅದರಲ್ಲಿ ಹೊಸದಾಗಿ ವಿಂಡೋಸ್ ಹಾಕಿ, ಹಳೆ ಡಿಸ್ಕನ್ನು ಹಾಗೇ ಪಕ್ಕದಲ್ಲಿಟ್ಟುಕೊಂಡರೆ ಎರಡೂ ಕಡೆಯ ಲಾಭ ಸಿಗುತ್ತದೆ. ಮರೆತ ಫೈಲ್ ಹಳೆ ಡಿಸ್ಕಿನಲ್ಲಿ ಇದ್ದೇ ಇರುತ್ತದೆ.

ಯಾರಿಗೆ ಯಾವುದು

ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದೆ, ವೈರಸ್ ಅನುಮಾನವಿಲ್ಲ, ಸಿಡಿ ಕಳೆದುಹೋದ ಹಳೆ ಪ್ರೋಗ್ರಾಮ್‌ಗಳು ಇವೆ, ದಿನಾ ಕೆಲಸಕ್ಕೆ ಬೇಕು: ಅಪ್‌ಗ್ರೇಡ್ ಮಾಡಿ. ನನ್ನ ಮಟ್ಟಿಗೆ ಹೆಚ್ಚಿನವರು ಈ ಗುಂಪಿಗೇ ಸೇರುತ್ತಾರೆ. ಮೊದಲು ಅಪ್‌ಗ್ರೇಡ್ ಮಾಡಿ ಸರಿಬರದಿದ್ದರೆ ಫಾರ್ಮ್ಯಾಟ್ ಇದ್ದೇ ಇದೆ. ಮೊದಲೇ ಫಾರ್ಮ್ಯಾಟ್ ಮಾಡಿಬಿಟ್ಟರೆ ಹಿಂದಕ್ಕೆ ಹೆಜ್ಜೆ ಇಡಲು ಆಗುವುದಿಲ್ಲ, ಅಲ್ವಾ?

ವೈರಸ್ ಹೊಕ್ಕಿದೆ ಅಂತ ಗೊತ್ತಿದ್ದರೆ ಫಾರ್ಮ್ಯಾಟೇ ಸರಿ. ಅಪ್‌ಗ್ರೇಡ್ ಮಾಡಿದರೆ ಗೆದ್ದಲನ್ನು ಕೈಹಿಡಿದು ಹೊಸ ಮನೆಗೆ ಕರೆತಂದ ಹಾಗೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದರೂ ಅಷ್ಟೇ, ಹಿಂದಿನವರು ಏನು ಹಾಕಿದ್ದರು ಅಂತ ನಿಮಗೆ ಗೊತ್ತಿಲ್ಲ. ನೀವು ಮಾರುತ್ತಿದ್ದರೆ ಪೂರ್ತಿ ಅಳಿಸಿಯೇ ಕೊಡಬೇಕು. ಅಪ್‌ಗ್ರೇಡ್ ಮತ್ತೆ ಮತ್ತೆ ಅರ್ಧಕ್ಕೆ ನಿಂತು ಹಿಂದಕ್ಕೆ ಬರುತ್ತಿದ್ದರೂ ಇದೇ ದಾರಿ.

ಹಳೆಯ ಕಂಪ್ಯೂಟರ್‌ಗಳಲ್ಲಿ ಒಂದು ವಿಶೇಷ ತೊಡಕಿದೆ. ಅವುಗಳ ಡಿಸ್ಕ್ ಎಂಬಿಆರ್ ಎಂಬ ಹಳೆ ಪದ್ಧತಿಯಲ್ಲಿ ಭಾಗವಾಗಿರುತ್ತದೆ. ವಿಂಡೋಸ್ 11ಕ್ಕೆ ಬೇಕಾದ ಹೊಸ ಬೂಟ್ ಪದ್ಧತಿಗೆ ಜಿಪಿಟಿ ಎಂಬ ಹೊಸ ಬಗೆಯ ವಿಭಾಗ ಬೇಕು. ಫಾರ್ಮ್ಯಾಟ್ ಮಾಡಿದರೆ ಇದು ಸುಲಭವಾಗಿ ಬದಲಾಗುತ್ತದೆ. ಆದರೆ ಇದೊಂದಕ್ಕೇ ಫಾರ್ಮ್ಯಾಟ್ ಮಾಡಬೇಕಿಲ್ಲ. ಡೇಟಾ ಉಳಿಸಿಕೊಂಡೇ ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸುವ ಟೂಲ್ ವಿಂಡೋಸ್ 10ರಲ್ಲೇ ಇದೆ. ರಿಪೇರಿಯವರನ್ನು ಈ ಮಾತು ಕೇಳಿ ನೋಡಿ.

ನುಡಿಯಲ್ಲಿ ಟೈಪ್ ಮಾಡಿದವರು ಓದಲೇಬೇಕಾದ್ದು

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಬರುವ ಒಂದು ತೊಂದರೆ ಇದೆ. ಆ ಹಳೆಯ ಫಾರ್ಮ್ಯಾಟ್ ಪ್ರಸಂಗದಲ್ಲಿ ಚಿಕ್ಕಪ್ಪನ ಡಿ ಡ್ರೈವ್‌ನಲ್ಲಿದ್ದ ಹಳೆ ಕಾರ್ಡುಗಳು ಉಳಿದಿದ್ದವು. ಒಂದನ್ನು ತೆರೆದರು. 'ಕನ್ನಡ' ಎಂಬ ಪದ ಇದ್ದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ. ಪುಟದ ತುಂಬ ಹೀಗೇ. ಫೈಲ್ ಹಾಳಾಗಿದೆ, ಇದೂ ಹೋಯಿತು ಅಂದುಕೊಂಡರು.

ಹಾಳಾಗಿರಲಿಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳು. ಇಂಗ್ಲಿಷಿನ ಪಿ ಇರಬೇಕಾದ ಮನೆಯಲ್ಲಿ ಫಾಂಟ್ ಕನ್ನಡದ 'ಕ'ದ ಆಕಾರವನ್ನು ಕೂರಿಸಿರುತ್ತದೆ. ಫಾಂಟ್ ಇದ್ದಾಗ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಅದೇ ಸಂಖ್ಯೆಗಳು ಇಂಗ್ಲಿಷ್ ಗುರುತುಗಳಾಗಿ ಕಾಣುತ್ತವೆ. ಫಾರ್ಮ್ಯಾಟ್ ಮಾಡಿದಾಗ ಆ ಫಾಂಟ್ ಹೋಗಿತ್ತು. ಮತ್ತೆ ಹಾಕಿದ ಕೂಡಲೇ ಮದುವೆ ಕಾರ್ಡು ಮೊದಲಿನ ಹಾಗೇ ಎದ್ದು ನಿಂತಿತು.

ಅಪ್‌ಗ್ರೇಡ್ ಮಾಡಿದರೆ ಫಾಂಟ್‌ಗಳು ಜೊತೆಗೇ ಬರುತ್ತವೆ. ಫಾರ್ಮ್ಯಾಟ್ ಮಾಡುವುದಾದರೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ಹೊರಗೆ ಕಾಪಿ ಮಾಡಿಟ್ಟುಕೊಳ್ಳಿ. ನುಡಿಯ ಯಾವ ಆವೃತ್ತಿ ಇತ್ತು ಅಂತಲೂ ಬರೆದಿಟ್ಟುಕೊಳ್ಳಿ. ಕಾರ್ಡು ಡಿಸೈನ್ ಮಾಡುವವರ ಬಳಿ ಎಲ್ಲಿಂದಲೋ ಬಂದ ಅಲಂಕಾರದ ಫಾಂಟ್‌ಗಳು ಎಷ್ಟೋ ಇರುತ್ತವೆ, ಅವು ಮತ್ತೆ ಸಿಗುತ್ತವೆ ಅಂತ ಹೇಳಲಾಗದು.

ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದಕ್ಕೆ ಈ ಕಷ್ಟವಿಲ್ಲ. ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಇರುವುದರಿಂದ ಈಗಿನ ಯಾವ ವಿಂಡೋಸ್‌ನಲ್ಲೂ ಕನ್ನಡವಾಗೇ ಕಾಣುತ್ತದೆ. ಒಂದೇ ಸಣ್ಣ ವ್ಯತ್ಯಾಸ: ತುಂಗಾ ಫಾಂಟ್ ವಿಂಡೋಸ್ 10ರಿಂದ ಈಚೆಗೆ ಐಚ್ಛಿಕ ಸೌಲಭ್ಯವಾಗಿದೆ. ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ತುಂಗಾದಲ್ಲಿದ್ದ ಪತ್ರ ನಿರ್ಮಲಾ ಫಾಂಟಿನಲ್ಲಿ ಕಾಣಿಸಿ ಪುಟಗಳ ಲೆಕ್ಕ ತಪ್ಪಬಹುದು. ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿಕೊಂಡರೆ ಸರಿಹೋಗುತ್ತದೆ.

ಫಾರ್ಮ್ಯಾಟ್ ಅಂತ ತೀರ್ಮಾನಿಸಿದರೆ

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ನಾಲ್ಕನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಕಾಪಿ ಆದ ಮೇಲೆ ಬೇರೆ ಕಂಪ್ಯೂಟರಿಗೆ ಚುಚ್ಚಿ ಎರಡು ಮೂರು ಫೈಲ್ ತೆರೆದು ನೋಡಿ. ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟಿನ ಒನ್‌ಡ್ರೈವ್ ಬಳಸುತ್ತಿದ್ದರೆ ಫೈಲಿನ ಪಕ್ಕ ಮೋಡದ ಗುರುತು ಇದೆಯಾ ಗಮನಿಸಿ. ಇದ್ದರೆ ಆ ಫೈಲ್ ನಿಮ್ಮ ಡಿಸ್ಕಿನಲ್ಲಿಲ್ಲ, ಇಂಟರ್ನೆಟ್‌ನಲ್ಲಿದೆ.

ಟ್ಯಾಲಿಯ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಎಲ್ಲಿದೆ ಅಂತ ಟ್ಯಾಲಿಯೊಳಗೇ ನೋಡಿ ಬ್ಯಾಕಪ್ ತೆಗೆಯಿರಿ. ಅಷ್ಟೇ ಅಲ್ಲ, ಅದರ ಲೈಸೆನ್ಸನ್ನು ಸರೆಂಡರ್ ಮಾಡಿ. ಹೊಸದಾಗಿ ಹಾಕಿದ ಮೇಲೆ ಮತ್ತೆ ಆ್ಯಕ್ಟಿವೇಟ್ ಮಾಡಿಕೊಳ್ಳಬಹುದು. ಲ್ಯಾಪ್‌ಟಾಪ್ ಜೊತೆ ಬಂದ ಎಂಎಸ್ ಆಫೀಸ್ ಯಾವ ಇಮೇಲ್ ಖಾತೆಗೆ ಸೇರಿದೆ ಅಂತ ನೋಡಿಟ್ಟುಕೊಳ್ಳಿ. ಕೊಂಡ ದಿನ ಅಂಗಡಿಯವರೇ ಯಾವುದೋ ಖಾತೆ ತೆರೆದುಕೊಟ್ಟಿರುತ್ತಾರೆ, ಅದರ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ.

ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ವಿಷಯದಲ್ಲಿ ಎಚ್ಚರ. ಕ್ರೋಮಿನ ಫೋಲ್ಡರನ್ನೇ ಕಾಪಿ ಮಾಡಿಟ್ಟರೂ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ. ಅವು ಆ ವಿಂಡೋಸಿನ ನಿಮ್ಮ ಖಾತೆಯ ಬೀಗದಲ್ಲಿ ಸೇರಿರುತ್ತವೆ, ಬೀಗ ಹೋದರೆ ತೆರೆಯಲು ಆಗದು. ಗೂಗಲ್ ಖಾತೆಗೆ ಸಿಂಕ್ ಆಗಿದೆಯಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಡ್ರೈವರ್ ವಿಷಯದಲ್ಲಿ ಎರಡು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಇಂಟೆಲ್ 11ನೇ ಪೀಳಿಗೆಯ ಮತ್ತು ಅದರ ನಂತರದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿಲ್ಲ. ಇಂಟೆಲ್‌ನ ಸ್ಟೋರೇಜ್ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಳಿಸಿ, ಬಿಚ್ಚಿ ಪೆನ್ ಡ್ರೈವಿನಲ್ಲಿಟ್ಟು ತೋರಿಸಬೇಕು. ಇನ್ನೊಂದು, ವೈಫೈ. ವಿಂಡೋಸ್ 11 ಶುರುವಿನಲ್ಲೇ ಇಂಟರ್ನೆಟ್ ಕೇಳುತ್ತದೆ, ವೈಫೈ ಡ್ರೈವರ್ ಇರದಿದ್ದರೆ ಮುಂದೆ ಹೋಗುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲಿನಲ್ಲಿ ಜೋಡಿಸಿ ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ.

ಆ ಒಂದು ಪರದೆ

ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿದು ನೋಡಬೇಕಾದ್ದು ಒಂದೇ ಪರದೆ. ವಿಂಡೋಸನ್ನು ಎಲ್ಲಿ ಹಾಕಲಿ ಅಂತ ಅದು ಕೇಳುತ್ತದೆ. ಅಲ್ಲಿ ಸಿ, ಡಿ ಎಂಬ ಅಕ್ಷರಗಳಿರುವುದಿಲ್ಲ. 'ಡಿಸ್ಕ್ 0 ಪಾರ್ಟಿಷನ್ 1', 'ಪಾರ್ಟಿಷನ್ 2' ಅಂತ ಸಾಲಾಗಿ ಇರುತ್ತವೆ. ನೂರು ಎಂಬಿಯದು ಒಂದು, 16 ಎಂಬಿಯದು ಇನ್ನೊಂದು, ದೊಡ್ಡವು ಒಂದೆರಡು. ಯಾವುದು ಡಿ ಅಂತ ತಿಳಿಯದೆ ತಪ್ಪು ಸಾಲು ಅಳಿಸಿದವರು ಇದ್ದಾರೆ. ಫಾರ್ಮ್ಯಾಟಿಗೆ ಮುಂಚೆ ದಿಸ್ ಪಿಸಿ ತೆರೆದು ಡಿ ಡ್ರೈವಿನ ಹೆಸರನ್ನು ಬದಲಿಸಿ. 'ಡೇಟಾ, ಮುಟ್ಟಬೇಡಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಆದೀತು. ಆ ಹೆಸರು ಈ ಪರದೆಯಲ್ಲೂ ಕಾಣುತ್ತದೆ. ಸಿ ಮತ್ತು ಡಿ ಎಷ್ಟೆಷ್ಟು ಜಿಬಿ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೊರಗಿನ ಡಿಸ್ಕ್ ಏನಾದರೂ ಚುಚ್ಚಿದ್ದರೆ ಕಿತ್ತುಬಿಡಿ.

ಇನ್ನೊಂದು ಹೊಸ ವಿಷಯ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ. ಅಂದರೆ ಇಡೀ ಡಿಸ್ಕಿಗೆ ಬೀಗ. ಲ್ಯಾಪ್‌ಟಾಪ್ ಕಳುವಾದರೆ ಕಳ್ಳನಿಗೆ ಏನೂ ಸಿಗದು, ಅದು ಒಳ್ಳೆಯದೇ. ಆದರೆ ಮದರ್‌ಬೋರ್ಡ್ ಬದಲಾದಾಗ ಅಥವಾ ಬಯೋಸ್ ಸೆಟ್ಟಿಂಗ್ ಬದಲಿಸಿದಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಖಾತೆಯ ಪಾಸ್‌ವರ್ಡೂ ಮರೆತಿದ್ದರೆ ಡೇಟಾ ತೆಗೆಯಲು ಯಾರಿಂದಲೂ ಆಗದು.

ಚಿಕ್ಕಪ್ಪನಿಗೆ ಕೊನೆಗೆ ಎರಡನ್ನೂ ಮಾಡಿದೆವು. ಅಂಗಡಿಯ ಕಂಪ್ಯೂಟರ್ 2019ರದ್ದು, ಆರೋಗ್ಯವಾಗಿತ್ತು, ನುಡಿ ಫಾಂಟ್‌ಗಳ ಗಣಿ. ಅದನ್ನು ಒಂದು ಭಾನುವಾರ ಅಪ್‌ಗ್ರೇಡ್ ಮಾಡಿದೆವು. ಸೋಮವಾರ ಬೆಳಿಗ್ಗೆ ಕಾರ್ಡು, ಫಾಂಟು, ಪ್ರಿಂಟರ್ ಎಲ್ಲ ಇದ್ದ ಜಾಗದಲ್ಲೇ ಇದ್ದವು. ಮನೆಯಲ್ಲಿದ್ದ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತೆರೆದರೆ ಸಾಕು ಎಲ್ಲೆಲ್ಲಿಗೋ ಹೋಗುತ್ತಿತ್ತು. ತಂಗಿಯ ಕಾಲೇಜಿನ ಫೈಲುಗಳನ್ನು ಹೊರಗೆ ತೆಗೆದು, ವೈರಸ್ ಸ್ಕ್ಯಾನ್ ಮಾಡಿ, ಅದನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದೆವು. ಅದರ 48 ಅಂಕಿಗಳನ್ನು ಚಿಕ್ಕಪ್ಪ ತಮ್ಮ ಆರ್ಡರ್ ಬರೆಯುವ ಡೈರಿಯ ಕೊನೆಯ ಪುಟದಲ್ಲಿ ಆರಾರರಂತೆ ಎಂಟು ಗುಂಪು ಮಾಡಿ ಬರೆದುಕೊಂಡರು. ಬರೆದಾದ ಮೇಲೆ ನಾನು ಪರದೆ ನೋಡಿ ಗಟ್ಟಿಯಾಗಿ ಓದಿದೆ, ಅವರು ಪೆನ್ನಿನ ತುದಿಯಿಂದ ಒಂದೊಂದು ಅಂಕಿಯನ್ನೂ ತಾಳೆ ನೋಡಿದರು.